ಬುಡದಲ್ಲಿ ಅಣಬೆ ಕಂಡ ಹಿರಿಮರ: ಕಡಿಯಬೇಕೇ, ಸವರಬೇಕೇ, ಉಳಿಸಬೇಕೇ?

ಮುಂಗಾರು ಹಿಡಿದು ಎರಡು ವಾರ ಕಳೆಯುತ್ತಿದ್ದಂತೆ ಮಂಗಳೂರು, ಉಡುಪಿಯ ಹಳೆಯ ಮರಗಳ ಬುಡದಲ್ಲಿ ಅಣಬೆಗಳು ಮೂಡತೊಡಗುತ್ತವೆ. ಅಂಗಳದ ಮಾವಿನ ಬುಡದಲ್ಲಿ ಅಂಗೈಯಗಲದ ಗಟ್ಟಿ ಅಣಬೆಯೊಂದು ಕಂಡಿತೆಂದರೆ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. "ಮಾಡಿನ ಮೇಲೆ ಬಿದ್ದರೆ ಯಾರು ಗತಿ, ನಾಳೆಯೇ ಕಡಿಸಿ" ಎಂದು ಒಬ್ಬರು ಹೇಳಿದರೆ, "ಅಜ್ಜನ ಕಾಲದಿಂದ ನಿಂತ ಮರ, ಏನೂ ಆಗುವುದಿಲ್ಲ" ಎಂದು ಇನ್ನೊಬ್ಬರು. ಮರವನ್ನು ಸರಿಯಾಗಿ ನೋಡದೆ ಕೊಡುವ ಈ ಎರಡು ಉತ್ತರಗಳಿಂದ ನಮ್ಮ ಊರುಗಳು ಎಷ್ಟೋ ಒಳ್ಳೆಯ ಮರಗಳನ್ನು ಕಳೆದುಕೊಂಡಿವೆ. ಬೀಳಬಾರದ ಕಡೆ ಮರಗಳು ಬಿದ್ದೂ ಇವೆ.

ವಯಸ್ಸಾದ ಮರದೊಳಗೆ ಎಲ್ಲೋ ಒಂದು ಕಡೆ ಕುಂಬು ಇದ್ದೇ ಇರುತ್ತದೆ. ಆದ್ದರಿಂದ ಕೊಳೆತ ಇದೆಯೇ ಎಂದು ಕೇಳಿ ಪ್ರಯೋಜನವಿಲ್ಲ. ಗಟ್ಟಿ ಕಟ್ಟಿಗೆ ಎಷ್ಟು ಉಳಿದಿದೆ, ಅದರ ಮೇಲೆ ಎಷ್ಟು ಭಾರ ಬೀಳುತ್ತಿದೆ, ಮರ ಬಿದ್ದರೆ ಕೆಳಗೆ ಯಾರಿದ್ದಾರೆ ಎಂಬ ಮೂರನ್ನು ಕೇಳಬೇಕು. ಯಾವ ಪರೀಕ್ಷೆ ಮಾಡಿಸಬೇಕು, ಯಾವ ಪರಿಹಾರ ಹಿಡಿಯಬೇಕು ಎಂಬ ಆಯ್ಕೆಗಳೆಲ್ಲ ಇವುಗಳಿಂದಲೇ ಹುಟ್ಟುತ್ತವೆ.

ಯಾವ ಅಣಬೆ?

ಮರದ ಹತ್ತಿರ ಕಾಣುವ ಅಣಬೆಗಳೆಲ್ಲ ಮರದ ವೈರಿಗಳಲ್ಲ. ಹುತ್ತದ ಬಳಿ ಏಳುವ, ನಾವು ಕಿತ್ತು ತಂದು ಪದಾರ್ಥ ಮಾಡುವ ಅಣಬೆ ಗೆದ್ದಲಿನೊಂದಿಗೆ ಬಾಳುವಂಥದ್ದು. ಮುರಕಲ್ಲಿನ ನೆಲದಲ್ಲಿ ಮೊದಲ ಮಳೆಗೆ ಸಿಗುವ ಕಲ್ಲಣಬೆಯಂತೂ ಕಿರಾಲುಬೋಗಿಯ ಕುಲದ ಮರಗಳ ಬೇರಿಗೆ ಅಂಟಿಕೊಂಡು ಅವುಗಳಿಗೆ ನೀರು, ಖನಿಜಗಳನ್ನು ಒದಗಿಸುತ್ತದೆ. ಮಣ್ಣಿನಿಂದ ಎದ್ದ ಮೃದು ಅಣಬೆಗಳನ್ನು ಕಂಡು ಕೊಡಲಿ ಹುಡುಕುವ ಅಗತ್ಯವಿಲ್ಲ.

ಗಮನಿಸಬೇಕಾದದ್ದು ಕಾಂಡಕ್ಕೆ ಅಥವಾ ಬುಡದ ದಪ್ಪ ಬೇರಿಗೆ ನೇರವಾಗಿ ಅಂಟಿ, ಹಲಗೆಯಂತೆ ಹೊರಚಾಚಿದ ಗಟ್ಟಿ ಅಣಬೆಗಳನ್ನು. ಮೇಲ್ಮೈ ಕಂದು, ಬೆಳೆಯುವ ಅಂಚು ಬಿಳಿ, ಉಗುರಿನಿಂದ ಗೀರಿದರೆ ಕಂದಾಗುವ ಬಿಳಿಯ ಅಡಿಭಾಗ, ಸುತ್ತಲಿನ ಎಲೆಗಳ ಮೇಲೆ ಕಂದು ಪುಡಿ: ಇಷ್ಟಿದ್ದರೆ ಅದು ಬಹುತೇಕ ಗ್ಯಾನೊಡರ್ಮ. ಅಡಿಕೆ ತೋಟದವರು 'ಅಣಬೆ ರೋಗ' ಎನ್ನುವುದು ಇದೇ ಕುಲದ ಶಿಲೀಂಧ್ರದಿಂದ ಬರುವ ರೋಗವನ್ನು. ದೊಡ್ಡ ಮರಗಳಲ್ಲಿ ಇದು ಬುಡವನ್ನೂ ಬೇರನ್ನೂ ಒಳಗಿನಿಂದ ತಿನ್ನುತ್ತದೆ. ಬುಡದಲ್ಲಿ ಸುಟ್ಟು ಕರಕಲಾದಂತೆ ಕಾಣುವ, ಮುಟ್ಟಿದರೆ ಪುಡಿಯಾಗುವ ಕಪ್ಪು ಹೊರಪದರ ಇದ್ದರೆ ಅದು ಕ್ರೆಟ್ಸ್‌ಮೇರಿಯ ಎಂಬ ಶಿಲೀಂಧ್ರ ಇರಬಹುದು. ಯಾರೋ ಕಸಕ್ಕೆ ಬೆಂಕಿ ಹಾಕಿದ್ದರೆಂದು ಜನ ಇದನ್ನು ಕಡೆಗಣಿಸುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೇ. ಏಕೆಂದರೆ ಇದು ಹಿಡಿದ ಮರ ಮೇಲೆ ಹಸಿರಾಗಿದ್ದುಕೊಂಡೇ ಬುಡದಲ್ಲಿ ಫಕ್ಕನೆ ತುಂಡಾಗಬಹುದು. ಒಣಗಿದ ಗೆಲ್ಲುಗಳ ಮೇಲೆ ಸಾಲುಗಟ್ಟಿ ಬರುವ, ಉಗುರಗಲದ ಬೂದು ಬಿಳಿಯ ಬೀಸಣಿಗೆ ಅಣಬೆಗಳು ಆ ಗೆಲ್ಲು ಸತ್ತಿದೆ ಎಂದಷ್ಟೇ ಹೇಳುತ್ತವೆ. ಗೆಲ್ಲನ್ನು ತೆಗೆಸಿದರೆ ಸಾಕು.

ಕೊಳೆತದ ಬಗೆಯೂ ಮುಖ್ಯ. ಬಿಳಿ ಕೊಳೆತದಲ್ಲಿ ಶಿಲೀಂಧ್ರವು ಕಟ್ಟಿಗೆಗೆ ಗಡಸುತನ ಕೊಡುವ ಲಿಗ್ನಿನ್ ಅಂಶವನ್ನೂ ತಿನ್ನುವುದರಿಂದ ಕಟ್ಟಿಗೆ ನಾರುನಾರಾಗಿ ಮೆತ್ತಗಾಗುತ್ತದೆ. ಮರ ಬಾಗುತ್ತದೆ, ಉಬ್ಬುತ್ತದೆ, ಮುನ್ಸೂಚನೆ ಕೊಡುತ್ತದೆ. ಕಂದು ಕೊಳೆತದಲ್ಲಿ ನಾರಿನ ಅಂಶವಾದ ಸೆಲ್ಯುಲೋಸ್ ಹೋಗಿ ಲಿಗ್ನಿನ್ ಉಳಿಯುವುದರಿಂದ ಕಟ್ಟಿಗೆ ಚೌಕ ಚೌಕವಾಗಿ ಬಿರುಕು ಬಿಟ್ಟು, ಬೆರಳಿನಲ್ಲಿ ತಿಕ್ಕಿದರೆ ಹುಡಿಯಾಗುತ್ತದೆ. ಇಂಥದ್ದು ಬಾಗುವುದಿಲ್ಲ, ಮುರಿಯುತ್ತದೆ. ಪೊಟರೆಯಿಂದ ಒಂದು ಚಿಟಿಕೆ ಕಟ್ಟಿಗೆ ತೆಗೆದು ನೋಡಿದರೆ ಈ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ.

ಇನ್ನೊಂದು ಮಾತು: ಅಣಬೆಯನ್ನು ಒದ್ದು ಬೀಳಿಸಬೇಡಿ. ಅದು ಒಳಗಿರುವ ಶಿಲೀಂಧ್ರದ ಫಲ ಮಾತ್ರ. ಕಿತ್ತರೆ ರೋಗ ಹೋಗುವುದಿಲ್ಲ, ಸಾಕ್ಷ್ಯ ಹೋಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ.

ಪೊಟರೆ ಇದ್ದರೆ ಎಷ್ಟು ಅಪಾಯ?

ಟೊಳ್ಳಾದ ಮರವೆಂದರೆ ಬೀಳುವ ಮರ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಬಿದಿರು ಟೊಳ್ಳಾಗಿದ್ದೂ ಗಾಳಿಗೆ ನಿಲ್ಲುವುದು ಬಾಗಿಸುವ ಬಲವನ್ನು ಹೊರಗಿನ ಪದರವೇ ಹೊರುವುದರಿಂದ. ಲೆಕ್ಕ ಹೀಗಿದೆ: ಕಾಂಡದ ವ್ಯಾಸದ ಅರ್ಧದಷ್ಟು ಒಳಗೆ ಟೊಳ್ಳಾದರೆ ಬಾಗುವಿಕೆಯನ್ನು ತಡೆಯುವ ಶಕ್ತಿಯಲ್ಲಿ ಶೇ. 6ರಷ್ಟು ಮಾತ್ರ ನಷ್ಟ. ಶೇ. 70ರಷ್ಟು ಟೊಳ್ಳಾದರೆ ಶೇ. 24. ಅಲ್ಲಿಂದ ಮುಂದೆ ಇಳಿತ ಕಡಿದಾಗುತ್ತದೆ: ಶೇ. 80ಕ್ಕೆ 41, ಶೇ. 90ಕ್ಕೆ 66. ಜರ್ಮನಿಯ ವಿಜ್ಞಾನಿ ಕ್ಲಾಸ್ ಮ್ಯಾಟ್‌ಹೆಕ್ 1990ರ ದಶಕದಲ್ಲಿ ಮುಂದಿಟ್ಟ ಪ್ರಸಿದ್ಧ ಅಳತೆಯೂ ಈ ತಿರುವಿನ ಬಳಿಯೇ ಇದೆ. ಉಳಿದ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಎಚ್ಚರ ಎನ್ನುತ್ತದೆ ಅದು. ಆರಡಿ ಸುತ್ತಳತೆಯ ಮರದ ವ್ಯಾಸ ಸುಮಾರು 60 ಸೆಂ.ಮೀ., ತ್ರಿಜ್ಯ 30. ತೊಗಟೆ ಬಿಟ್ಟು ಸುತ್ತಲೂ 10 ಸೆಂ.ಮೀ. ಗಟ್ಟಿ ಕಟ್ಟಿಗೆ ಇದ್ದರೆ ಕಾಂಡದ ಮಟ್ಟಿಗೆ ಗಾಬರಿಯಿಲ್ಲ.

ಈ ಅಳತೆಯನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಪೊಟರೆ ಒಂದು ಬದಿಗೆ ಬಾಯಿ ತೆರೆದಿದ್ದರೆ, ಉದ್ದ ಬಿರುಕಿದ್ದರೆ, ಕೊಳೆತ ಒಂದೇ ಮಗ್ಗುಲಿಗೆ ಸರಿದಿದ್ದರೆ ಶಕ್ತಿ ಇನ್ನೂ ಕಡಿಮೆ. ಇನ್ನೊಂದೆಡೆ, ಕೊಡೆ (ಗೆಲ್ಲು, ಎಲೆಗಳ ಹರವು) ಕುಗ್ಗಿದ ಗಿಡ್ಡ ಮುದಿಮರ ತೀರಾ ತೆಳು ಗೋಡೆಯಲ್ಲೂ ದಶಕಗಳ ಕಾಲ ನಿಲ್ಲುತ್ತದೆ, ಏಕೆಂದರೆ ಅದಕ್ಕೆ ಬೀಳುವ ಗಾಳಿಯ ಹೊಡೆತವೇ ಕಡಿಮೆ. ಬೇರಿನ ಬಗ್ಗೆಯಂತೂ ಈ ಅಳತೆ ಏನನ್ನೂ ಹೇಳುವುದಿಲ್ಲ. ನಮ್ಮಲ್ಲಿ ಅದೇ ದೊಡ್ಡ ಪ್ರಶ್ನೆ. ಮುರಕಲ್ಲಿನ ಮೇಲೆ ಮಣ್ಣಿನ ಪದರ ತೆಳುವಾಗಿರುವ ಕಡೆ ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡುತ್ತದೆ. ಅದರ ಮೇಲೆ ರಸ್ತೆಯ ಕಾಂಕ್ರೀಟು, ಚರಂಡಿ, ಕೇಬಲ್ಲಿನ ಹೊಂಡ. ಒಂದು ಬದಿಯ ಬೇರನ್ನು ಜೆಸಿಬಿ ಕತ್ತರಿಸಿದ ನಾಲ್ಕಾರು ವರ್ಷಗಳ ಮೇಲೆ ಮರ ಬಿದ್ದಾಗ ನಾವು ಗಾಳಿಯನ್ನು ದೂರುತ್ತೇವೆ.

ಯಾವ ಪರೀಕ್ಷೆ ಮಾಡಿಸಬೇಕು?

ಮೊದಲ ಸ್ಥಾನ ಕಣ್ಣಿಗೂ ಕೊಡತಿಗೂ. ಖರ್ಚಿಲ್ಲ, ಮರಕ್ಕೆ ಗಾಯವಿಲ್ಲ. ಬುಡದ ತರಗೆಲೆ, ಮಣ್ಣು ಸರಿಸಿ ಬೇರು ಅಗಲಗೊಳ್ಳುವ ಜಾಗವನ್ನು ಸುತ್ತಲೂ ನೋಡಬೇಕು. ಮರ ಕಂಬದಂತೆ ನೆಟ್ಟಗೆ ಮಣ್ಣಿಗಿಳಿದಿದ್ದರೆ ಅದರ ಕೊರಳವರೆಗೆ ಮಣ್ಣು ತುಂಬಿದ್ದಾರೆ ಎಂದರ್ಥ. ಅಲ್ಲಿ ತೊಗಟೆ ಉಸಿರುಗಟ್ಟಿ ಕೊಳೆಯುತ್ತದೆ. ಬಳಿಕ ಮರದ ಕೊಡತಿಯಿಂದ ಬುಡದಿಂದ ಎದೆಯೆತ್ತರದವರೆಗೆ ಸುತ್ತಲೂ ಬಡಿದು ಕೇಳಬೇಕು. ಗಟ್ಟಿ ಕಟ್ಟಿಗೆಯ ದನಿ ಚುರುಕು. ಟೊಳ್ಳಿನದು ಡೋಲಿನ ದನಿ. ತೊಗಟೆ ಬಿಟ್ಟಿದ್ದರೆ ಒಡಕು ದನಿ. ಉದ್ದನೆಯ ತೆಳು ಸರಳನ್ನು ಪೊಟರೆಯೊಳಗೆ ನಿಧಾನವಾಗಿ ಇಳಿಸಿ ಆಳವನ್ನು ಅಳೆಯಬಹುದು. ತುದಿಯ ಗೆಲ್ಲುಗಳು ಒಣಗುತ್ತಿವೆಯೇ, ಎಲೆ ಸಣ್ಣದಾಗಿದೆಯೇ ಎಂದೂ ನೋಡಬೇಕು. ಹೆಚ್ಚಿನ ಮನೆಮರಗಳಿಗೆ ಇಷ್ಟರಲ್ಲೇ ಉತ್ತರ ಸಿಗುತ್ತದೆ. ಇದರ ಮಿತಿಯೆಂದರೆ ದಪ್ಪ ತೊಗಟೆಯ ಹಿಂದಿನ, ಆಗತಾನೇ ಶುರುವಾದ ಕೊಳೆತ ದನಿಗೆ ಸಿಗುವುದಿಲ್ಲ.

ಎರಡನೆಯದು ಸೂಜಿಯಂಥ ತೆಳು ಡ್ರಿಲ್. ಮೂರು ಮಿ.ಮೀ. ತುದಿಯ ಉದ್ದ ಸೂಜಿ ಒಳಗೆ ಹೋಗುತ್ತಾ, ಕಟ್ಟಿಗೆ ಎಲ್ಲಿ ಎಷ್ಟು ತಡೆ ಕೊಟ್ಟಿತು ಎಂಬ ಗೆರೆಯನ್ನು ಬಿಡಿಸುತ್ತದೆ. ಉಳಿದ ಗೋಡೆ ಎಷ್ಟು ದಪ್ಪ ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇಲ್ಲ. ಆದರೆ ಅದು ಚುಚ್ಚಿದ ಜಾಗದ ಉತ್ತರ ಮಾತ್ರ, ಜೊತೆಗೆ ಚುಚ್ಚುವುದೂ ಒಂದು ಗಾಯವೇ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ತೋರಿಸಿಕೊಟ್ಟಂತೆ, ಮರ ಗಾಯವನ್ನು ನಮ್ಮ ಚರ್ಮದಂತೆ ಮಾಯಿಸಿಕೊಳ್ಳುವುದಿಲ್ಲ. ಕೊಳೆತದ ಸುತ್ತ ತಡೆಗೋಡೆ ಕಟ್ಟಿ ಅದನ್ನು ಅಲ್ಲೇ ಕೂಡಿಹಾಕುತ್ತದೆ. ಸೂಜಿ ಆ ಗೋಡೆಯನ್ನು ತೂತು ಮಾಡಿದರೆ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಕೊಡತಿ ಅನುಮಾನ ತೋರಿಸಿದ ಎರಡು ಮೂರು ಕಡೆ ಸಾಕು. ಈ ಸೂಜಿಯ ಬದಲಿಗೆ ಬಡಗಿಯ ದಪ್ಪ ಬೈರಿಗೆಯಿಂದ ತೂತು ಕೊರೆಸುವುದು ಬೇಡವೇ ಬೇಡ.

ಮೂರನೆಯದು ಶಬ್ದದ ಅಲೆಗಳಿಂದ ಅಡ್ಡಕೊಯ್ತದ ಚಿತ್ರ ತೆಗೆಯುವ ಯಂತ್ರ. ಕಾಂಡದ ಸುತ್ತ ಸಣ್ಣ ಮೊಳೆಗಳನ್ನು ಹೊಡೆದು ಸಂವೇದಕಗಳನ್ನು ಜೋಡಿಸಿ ಒಂದೊಂದನ್ನೇ ತಟ್ಟುತ್ತಾರೆ. ಕೊಳೆತ ಇರುವ ಕಡೆ ಅಲೆ ಸುತ್ತಿ ಬರಬೇಕಾಗಿ ತಡವಾಗುತ್ತದೆ. ಇಡೀ ಅಡ್ಡಕೊಯ್ತ ಬಣ್ಣಗಳಲ್ಲಿ ಸಿಗುವುದು ಇದರ ಹೆಚ್ಚುಗಾರಿಕೆ. ಆದರೆ ಒಳಬಿರುಕನ್ನು ಇದು ದೊಡ್ಡ ಟೊಳ್ಳಿನಂತೆ ತೋರಿಸಬಹುದು. ಕ್ರೆಟ್ಸ್‌ಮೇರಿಯದಂಥ ಕೊಳೆತ ಶುರುವಿನಲ್ಲಿ ತಪ್ಪಿಸಿಕೊಳ್ಳಬಹುದು. ಗೋಳಿ (ಆಲದ) ಮರದಲ್ಲಿ ಬಿಳಲುಗಳು ಹೆಣೆದುಕೊಂಡು ಕಾಂಡವಾಗಿರುವುದರಿಂದ ಬರುವ ಚಿತ್ರ ಗೊಂದಲದ್ದು. ಬಣ್ಣದ ಚಿತ್ರವೊಂದನ್ನೇ ಹಿಡಿದುಕೊಂಡು ಕಡಿಯಲು ಹೊರಡುವವರನ್ನು ನಂಬಬೇಡಿ; ಕೆಂಪು ಕಂಡ ಕಡೆ ಒಂದು ಸೂಜಿ ಇಳಿಸಿ ಖಚಿತಪಡಿಸಿ ಎಂದು ಕೇಳಿ.

ಬೇರಿನ ಮೇಲೆ ಅನುಮಾನವಿದ್ದರೆ ಈ ಎರಡು ಯಂತ್ರಗಳೂ ಉಪಯೋಗಕ್ಕಿಲ್ಲ. ಅಲ್ಲಿ ಕೈಯಿಂದ ಮಣ್ಣು ಬಿಡಿಸಿ ದಪ್ಪ ಬೇರುಗಳನ್ನು ಅಡಿಯಿಂದ ಚುಚ್ಚಿ ನೋಡಬೇಕು. ಗ್ಯಾನೊಡರ್ಮ ಬೇರಿನ ಅಡಿಭಾಗವನ್ನು ಮೊದಲು ತಿನ್ನುವುದುಂಟು, ಮೇಲೆ ತಟ್ಟಿದರೆ ಗಟ್ಟಿಯಾಗಿಯೇ ಕೇಳುತ್ತದೆ. ಇನ್ನೊಂದು ದಾರಿ ಎಳೆತದ ಪರೀಕ್ಷೆ. ಕಾಂಡದ ಮೇಲ್ಭಾಗಕ್ಕೆ ಹಗ್ಗ ಕಟ್ಟಿ ಅಳತೆಯ ಬಲದಿಂದ ಎಳೆದು, ಬುಡ ಎಷ್ಟು ವಾಲಿತೆಂದು ಸೂಕ್ಷ್ಮ ಉಪಕರಣದಲ್ಲಿ ನೋಡುತ್ತಾರೆ. ಕಾಲು ಡಿಗ್ರಿ ದಾಟದಂತೆ ಎಳೆದು ಲೆಕ್ಕ ಹಾಕುವುದು ಕ್ರಮ. ಬೇರಿನ ಹಿಡಿತಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಇಲ್ಲ, ಆದರೆ ಇದು ದುಬಾರಿ, ನುರಿತವರು ಬೇಕು. ದೇವಸ್ಥಾನದ ಎದುರಿನ ಅಶ್ವತ್ಥ, ಶಾಲೆಯ ಅಂಗಳದ ಮಳೆಮರ, ಇಂಥವುಗಳಿಗೆ ಈ ಖರ್ಚು ನ್ಯಾಯವಾದದ್ದು. ಹಿತ್ತಿಲಿನ ಗುಲ್‌ಮೊಹರಿಗೆ ಅಲ್ಲ. ಗುಲ್‌ಮೊಹರಿನ ಕಟ್ಟಿಗೆಯೇ ಪೆಡಸು, ಬೇಗ ಮುರಿಯುವಂಥದ್ದು. ಬುಡದಲ್ಲಿ ಅಣಬೆ ಬಂದು ಕೆಳಗೆ ಜನ ಓಡಾಡುವಂತಿದ್ದರೆ ಪರೀಕ್ಷೆಯ ಹಣವನ್ನು ಹೊಸ ಗಿಡಕ್ಕೆ ಹಾಕಿ.

ಕೆಳಗೆ ಯಾರಿದ್ದಾರೆ?

ಅಪಾಯವೆಂಬುದು ಮರದಲ್ಲಿ ಮಾತ್ರ ಇಲ್ಲ, ಅದರ ಕೆಳಗಿನ ಜಾಗದಲ್ಲಿಯೂ ಇದೆ. ಗುಡ್ಡದ ಬದಿಯಲ್ಲಿ, ಯಾರೂ ಹಾಯದ ಕಡೆ ಅರ್ಧ ಕೊಳೆತ ಹಲಸು ನಿಂತಿದ್ದರೆ ನಿಂತಿರಲಿ. ಅದರ ಪೊಟರೆಯಲ್ಲಿ ಗಿಳಿ, ಗೂಬೆ, ಮಂಗಟ್ಟೆಗಳು ಸಂಸಾರ ಮಾಡುತ್ತವೆ. ಅದೇ ಹಲಸು ರಿಕ್ಷಾ ನಿಲ್ದಾಣದ ಮೇಲೆ ಚಾಚಿದ್ದರೆ ಮಾತು ಬೇರೆ.

ಇಷ್ಟು ಸರಳ ವಿಷಯ ಕೊಡಲಿ ಕೈಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಮರದಡಿ ಕಾರು ನಿಲ್ಲಿಸುವುದನ್ನು ಬಿಡುವುದು, ಕಲ್ಲುಬೆಂಚನ್ನು ಸರಿಸುವುದು, ಗಾಳಿಮಳೆಯ ದಿನ ಆ ಬಾಗಿಲಿನಿಂದ ಓಡಾಡದಿರುವುದು, ದನದ ಕೊಟ್ಟಿಗೆಯನ್ನು ಆಚೆ ಕಟ್ಟುವುದು, ಇವೆಲ್ಲ ಗೆಲ್ಲು ಸವರುವುದಕ್ಕಿಂತ ಅಗ್ಗ. ಮೊದಲು ಇದನ್ನು ಯೋಚಿಸಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ. ಮನೆ, ಶಾಲೆ, ರಸ್ತೆಯನ್ನು ಸರಿಸಲಾಗದು. ಅಲ್ಲಿ ಮಾತ್ರ ಮರದ ಮೇಲೆ ಕೈ ಹಾಕಬೇಕು.

ಸವರುವುದು, ಊರೆ ಕೊಡುವುದು, ಕಡಿಯುವುದು

ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಬದಿಯಲ್ಲಿ ಹಾದುಹೋದಾಗ ಈ ಲೆಕ್ಕವನ್ನು ನಾವೆಲ್ಲ ಕಣ್ಣಾರೆ ಕಂಡೆವು. ಗಾಳಿಯನ್ನು ತಗ್ಗಿಸಲಾಗದು, ಅದು ಹಿಡಿಯುವ ಕೊಡೆಯನ್ನು ತಗ್ಗಿಸಬಹುದು. ಹೊರತುದಿಯ ಗೆಲ್ಲುಗಳನ್ನು ಒಳಗಿನ ಜೀವಂತ ಕವಲಿನವರೆಗೆ ಹಿಂದಕ್ಕೆ ಸವರಿ ಎತ್ತರವನ್ನೂ ಚಾಚನ್ನೂ ಸ್ವಲ್ಪ ಇಳಿಸಿದರೆ ಬುಡಕ್ಕೆ ಬೀಳುವ ಹೊಡೆತ ಬಹಳಷ್ಟು ಇಳಿಯುತ್ತದೆ, ಮರವೂ ಬದುಕುತ್ತದೆ. ಒಂದೇ ಸಲಕ್ಕೆ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಹಸಿರು ತೆಗೆಯಬಾರದು. ಮುದಿಮರವಾದರೆ ಇನ್ನೂ ಕಡಿಮೆ.

ಇದನ್ನು ತಲೆ ಕಡಿಯುವುದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಮಳೆಗಾಲಕ್ಕೆ ಮುಂಚೆ ರಸ್ತೆಬದಿಯ ಮರಗಳ ತಲೆಯನ್ನು ಬೋಳಾಗಿ ಕತ್ತರಿಸುವುದು ನೋಡುವವರಿಗೆ ಸುರಕ್ಷತೆಯಂತೆ ಕಾಣುತ್ತದೆ. ಆ ಅಗಲ ಗಾಯಗಳಿಂದ ಕೊಳೆತ ಕೆಳಗಿಳಿಯುತ್ತದೆ. ಸುತ್ತಲೂ ಚಿಗುರುವ ನೆಟ್ಟಗಿನ ಗೆಲ್ಲುಗಳಿಗೆ ಕಾಂಡದೊಳಗೆ ಬೇರೂರಿದ ಹಿಡಿತವಿರುವುದಿಲ್ಲ, ಹೊರಪದರಕ್ಕಷ್ಟೇ ಅಂಟಿಕೊಂಡಿರುತ್ತವೆ. ಕೆಲವು ವರ್ಷಗಳಲ್ಲಿ ಅವು ದಪ್ಪವಾಗಿ ಅಲ್ಲೇ ಸೀಳುತ್ತವೆ. ವಿದ್ಯುತ್ ತಂತಿಗಾಗಿ ಒಂದೇ ಬದಿ ಸವರಿದ ಮರವೂ ಹೀಗೆಯೇ, ಭಾರವೆಲ್ಲ ಇನ್ನೊಂದು ಬದಿಗೆ. ಸವರುವವರಿಗೆ ಒಂದು ಮಾತು ಹೇಳಿ: ಗೆಲ್ಲು ಕಾಂಡ ಸೇರುವಲ್ಲಿ ಉಬ್ಬಿದ ಕೊರಳು ಇರುತ್ತದೆ, ಅದರ ಹೊರಗೆ ಕತ್ತರಿಸಬೇಕು. ಕಾಂಡಕ್ಕೆ ತಾಗಿಸಿ ಕತ್ತರಿಸಿದರೂ, ಉದ್ದ ತುಂಡು ಉಳಿಸಿದರೂ ಶಿಲೀಂಧ್ರಕ್ಕೆ ಬಾಗಿಲು ತೆರೆದಂತೆ. ಗಾಯಕ್ಕೆ ಡಾಂಬರು, ಬಣ್ಣ, ಸೆಗಣಿ ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ.

ಪೊಟರೆಗೆ ಸಿಮೆಂಟು ತುಂಬುವ ಹಳೆಯ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ. ಎರಡರ ನಡುವೆ ನೀರು ನಿಂತು ಕೊಳೆತ ಇನ್ನಷ್ಟು ಬೆಳೆಯುತ್ತದೆ. ಪೊಟರೆಯ ನೀರು ಹೋಗಲೆಂದು ಕೆಳಗೆ ತೂತು ಕೊರೆಯುವುದೂ ತಡೆಗೋಡೆಯನ್ನು ಒಡೆಯುತ್ತದೆ. ಹಾಗೆಯೇ, ದೊಡ್ಡ ಮರದ ತಿರುಳಿನ ಕೊಳೆತವನ್ನು ಗುಣಪಡಿಸುವ ಔಷಧಿ ಯಾವುದೂ ಇಲ್ಲ. ಇದೆ ಎನ್ನುವವರಿಗೆ ಹಣ ಕೊಡಬೇಡಿ.

ಅಡ್ಡ ಚಾಚಿದ ಗೆಲ್ಲಿಗೆ ಕೆಳಗಿನಿಂದ ಊರೆ ಕೊಡುವುದು ಗೋಳಿ ಮರಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಳಿಬಿದ್ದ ಬಿಳಲುಗಳನ್ನು ಕತ್ತರಿಸದೆ, ಬಿದಿರಿನ ಕೊಳವೆಯೊಳಗೆ ಮಣ್ಣು ತುಂಬಿ ನೆಲಕ್ಕೆ ಇಳಿಸಿದರೆ ಮರ ತನ್ನ ಊರೆಯನ್ನು ತಾನೇ ಬೆಳೆಸಿಕೊಳ್ಳುತ್ತದೆ. ಮರದ ಕಟ್ಟೆಯ ವಿಷಯದಲ್ಲಿ ದೇವಸ್ಥಾನದ ಆಡಳಿತ ಮಂಡಳಿಯವರ ಬಳಿ ಕೈಮುಗಿದು ಕೇಳಬೇಕಾದ ಮಾತೊಂದಿದೆ. ಹೊಸ ಗ್ರಾನೈಟು, ಟೈಲ್ಸು ಹಾಕುವಾಗ ಕಾಂಡಕ್ಕೆ ತಾಗಿಸಬೇಡಿ, ಕಡಿಮೆಯೆಂದರೂ ಒಂದು ಮೀಟರು ಮಣ್ಣು ಬಿಡಿ. ನಾಗಬನ, ದೈವದ ಕಟ್ಟೆಗಳ ಮರಗಳು ಇಷ್ಟು ಕಾಲ ಉಳಿದದ್ದು ಯಾರೂ ಅವುಗಳ ಬುಡ ಮುಟ್ಟದೆ ಇದ್ದುದರಿಂದ. ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಕಷಾಯಕ್ಕೆ ತೊಗಟೆ ತೆಗೆಯುವ ಹಾಲೆ ಮರಕ್ಕೂ ಇದೇ ಮಾತು. ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವ ಪದ್ಧತಿ ಉಳಿಯಲಿ. ಆದರೆ ಪೇಟೆಯ ಹತ್ತಿರ ಉಳಿದ ಒಂದೆರಡು ಮರಗಳನ್ನೇ ಎಲ್ಲರೂ ಸುತ್ತಲೂ ಸುಲಿದರೆ ಗಾಯ ಮುಚ್ಚುವ ಮೊದಲೇ ಮುಂದಿನ ಆಟಿ ಬರುತ್ತದೆ. ಒಂದು ಬದಿಯಲ್ಲಿ, ಸಣ್ಣ ಪಟ್ಟಿಯಷ್ಟು ತೆಗೆದರೆ ಕಷಾಯಕ್ಕೆ ಸಾಕಾಗುತ್ತದೆ.

ಕಡಿಯುವುದೇ ಸರಿಯಾದ ಸಂದರ್ಭಗಳೂ ಇವೆ. ಅಲ್ಲಿ ಹಿಂಜರಿಯಬಾರದು. ಹಿಂದೆ ನೆಟ್ಟಗಿದ್ದ ಮರ ಈಚೆಗೆ ವಾಲಿದ್ದರೆ, ವಾಲಿದ ಎದುರು ಬದಿಯಲ್ಲಿ ನೆಲ ಉಬ್ಬಿ ಬಿರುಕು ಬಿಟ್ಟಿದ್ದರೆ, ಬುಡದ ಸುತ್ತ ಹಲವು ಕಡೆ ಗ್ಯಾನೊಡರ್ಮ ಬಂದು ಕೊಡೆಯೂ ತೆಳುವಾಗುತ್ತಿದ್ದರೆ, ಇವುಗಳಲ್ಲಿ ಒಂದರ ಜೊತೆಗೆ ಕೆಳಗೆ ಮನೆಯೋ ರಸ್ತೆಯೋ ಇದ್ದರೆ, ಪರೀಕ್ಷೆಗೆ ಕಾಯುವ ಸಮಯ ಇದಲ್ಲ. ಮಕ್ಕಳನ್ನು ಆ ಬದಿಯ ಕೋಣೆಯಲ್ಲಿ ಮಲಗಿಸಬೇಡಿ. ಸ್ಥಳೀಯಾಡಳಿತಕ್ಕೂ ಅರಣ್ಯ ಇಲಾಖೆಗೂ ಅದೇ ದಿನ ತಿಳಿಸಿ. ತಂತಿಯ ಮೇಲೆ ಒರಗಿದ್ದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಎಷ್ಟೋ ವರ್ಷಗಳಿಂದ ವಾಲಿಕೊಂಡೇ ಇದ್ದು, ತುದಿ ಮತ್ತೆ ಮೇಲಕ್ಕೆ ತಿರುಗಿರುವ ಮರ ಬೇರೆ. ಅದು ತನ್ನ ವಾಲಿಕೆಗೆ ತಕ್ಕಂತೆ ಕಟ್ಟಿಗೆ ಬೆಳೆಸಿಕೊಂಡಿರುತ್ತದೆ.

ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು, ಮರ ನಿಮ್ಮದೇ ಜಾಗದಲ್ಲಿದ್ದರೂ. ತೆಂಗು, ಅಡಿಕೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಅರ್ಜಿಯೊಂದಿಗೆ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ, ಪೊಟರೆಯ ಆಳ, ಕೆಳಗಿನ ಕಟ್ಟಡದ ದೂರ ಇವನ್ನು ಕೊಟ್ಟರೆ ಬಂದು ನೋಡುವವರ ಕೆಲಸ ಹಗುರವಾಗುತ್ತದೆ. ಕಡಿದರೂ ಸಾಧ್ಯವಾದ ಕಡೆ ಆಳೆತ್ತರದ ಬೊಡ್ಡೆ ಉಳಿಸಿ. ಅಪಾಯವಿಲ್ಲ, ಹಕ್ಕಿಗಳಿಗೆ ಮನೆ.

ತೆಂಗಿನ ಮರವನ್ನು ಮಾತ್ರ ಈ ಯಾವ ಲೆಕ್ಕಕ್ಕೂ ಸೇರಿಸಬೇಡಿ. ಅದು ದಪ್ಪವಾಗಿ ಬೆಳೆಯುವ ಜಾತಿಯಲ್ಲ. ಕಾಂಡದ ಗಾಯದ ಮೇಲೆ ಹೊಸ ಕಟ್ಟಿಗೆ ಬರುವುದಿಲ್ಲ, ತಡೆಗೋಡೆ ಕಟ್ಟುವುದೂ ಇಲ್ಲ, ಮೂರನೇ ಒಂದರ ಅಳತೆ ಅದಕ್ಕೆ ಅನ್ವಯಿಸುವುದೇ ಇಲ್ಲ. ಗೆಲ್ಲಿಲ್ಲದ್ದರಿಂದ ಸವರಿ ಭಾರ ಇಳಿಸುವ ದಾರಿಯೂ ಇಲ್ಲ. ಮನೆಯ ಪಕ್ಕದ ತೆಂಗಿನ ಬುಡದಲ್ಲಿ ಕಂದು ರಸ ಸೋರಿ, ಅಣಬೆ ಮೂಡಿ, ಗರಿಗಳು ಜೋತುಬಿದ್ದರೆ ತೆಗೆಸುವುದೇ ಸರಿ. ತೋಟದ ನಡುವಿನದಾದರೆ ಆ ಮರ ಉಳಿಯುವುದಕ್ಕಿಂತ ಪಕ್ಕದ ಮರಗಳಿಗೆ ಹರಡದಂತೆ ನೋಡುವುದು ಮುಖ್ಯ. ಬೇರು ಸಮೇತ ಕಿತ್ತು, ಸುತ್ತ ಕಣಿ ತೋಡಿ, ನೀರು ನಿಲ್ಲದಂತೆ ಮಾಡಿ, ಉಳಿದ ಮರಗಳ ಬುಡಕ್ಕೆ ಬೇವಿನ ಹಿಂಡಿಯೊಂದಿಗೆ, ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೊಡರ್ಮ ಎಂಬ ಇನ್ನೊಂದು ಶಿಲೀಂಧ್ರವನ್ನು ಹಾಕುವುದು ರೂಢಿಯಲ್ಲಿರುವ ಕ್ರಮ. ಇದಕ್ಕೆ ದೂರ ಹುಡುಕಬೇಕಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅದರ ವಿಟ್ಲದ ಕೇಂದ್ರ, ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಮೂರೂ ಹತ್ತಿರದಲ್ಲೇ ಇವೆ.

ಉಳಿಸಲು ನಿರ್ಧರಿಸಿದ ಮರವನ್ನು ವರ್ಷಕ್ಕೆ ಎರಡು ಬಾರಿ ನೋಡಬೇಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮುಂಚೆ ಒಮ್ಮೆ, ಬಿರುಗಾಳಿ ಶುರುವಾಗುವ ಮೊದಲು ಸವರುವ ಕೆಲಸ ಮುಗಿಯುವಂತೆ. ಮಳೆಗಾಲದ ನಡುವೆ ಒಮ್ಮೆ, ಅಣಬೆಗಳು ಹೊರಗೆ ಕಾಣುವ ಹೊತ್ತಿಗೆ. ಅದೇ ಜಾಗದಿಂದ ಅದೇ ಬದಿಯ ಫೋಟೊ, ಪೊಟರೆಯ ಬಾಯಿಯ ಅಳತೆ, ಅಣಬೆಗಳ ಸಂಖ್ಯೆ, ತಾರೀಕು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಮರವನ್ನು ಪರೀಕ್ಷಿಸಲು ಬರುವವರ ಕೈಗೆ ಮೊದಲು ಆ ಪುಸ್ತಕವನ್ನು ಕೊಡಿ.